ದೊಡ್ಡಪ್ಪನ ತಲೆಗೆ ಮೀಸಲಿಟ್ಟ ರೇಷ್ಮೆ

ದೊಡ್ಡವ್ವ ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ಬಂದ್ ಮಾಡಿದ್ದಾಳೆಂದು ವೈನಿ ಇರಕಲ್ಲಗಡದಿಂದ ಫೋನ್ ಮಾಡಿ ಗೋಳಾಡಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವೈನಿ ಅಂದರೆ ದೊಡ್ಡವ್ವನ ಸೊಸೆ. ಪಾಪ, ಅವಳ ಬಾಯಿರುಚಿ ಕೆಟ್ಟದ್ದಕ್ಕೆ ನಾನೇ ಕಾರಣ ಎಂಬುದು ನನಗೆ ಆಗಿನ್ನೂ ತಿಳಿದಿರಲಿಲ್ಲ.

ನಾನು ಧಾರವಾಡದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರೇಷ್ಮೆ ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ, ಅಂಟು ಕಳೆದು, ಉಳಿದ ಎಳೆಯನ್ನು ಕರಗಿಸಿ, ಗಟ್ಟಿ ಗಂಜಿಯಂಥ ಜೆಲ್ ಮಾಡುವುದು ನಮ್ಮ ಕಸುಬು. ಲಕ್ವಾ ಹೊಡೆದಾಗ ಮೆದುಳಿನಲ್ಲಿ ಒಂದಿಷ್ಟು ಜಾಗ ಸತ್ತು ಟೊಳ್ಳಾಗುತ್ತದೆ. ಅಲ್ಲಿ ಹೊಸ ನರ ಚಿಗುರಿದರೂ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಆ ಟೊಳ್ಳಿಗೆ ಜೆಲ್ ತುಂಬಿದರೆ, ಹೀರೇಬಳ್ಳಿಗೆ ಚಪ್ಪರ ಸಿಕ್ಕಂತೆ ನರ ಹಬ್ಬೀತೇ ಎಂದು ನೋಡುತ್ತಿದ್ದೇವೆ. ಮನುಷ್ಯರ ತನಕ ಇನ್ನೂ ಬಂದಿಲ್ಲ.

ದೊಡ್ಡಪ್ಪ ರೇಷ್ಮೆ ಹುಳು ಸಾಕುವ ರೈತ. ಹೋದ ವರ್ಷ ಲಕ್ವಾ ಹೊಡೆದು ಎಡಗೈ ಕೆಲಸ ಬಿಟ್ಟಿತು. ಲ್ಯಾಬಿಗೆ ಒಂದು ಚೀಲ ಗೂಡು ಬೇಕೆಂದು ನಾನು ದೊಡ್ಡವ್ವನಿಗೆ ಫೋನ್ ಮಾಡಿದೆ. ಯಾಕೆ ಎಂದಳು. ಚಪ್ಪರದ ಕಥೆ ಹೇಳಿದೆ. "ನಮ್ಮವ್ವಾ, ನಮ್ಮ ಮನಿ ಕಾಯಾಕ ಹುಟ್ಟೀದಿ ನೀ" ಎಂದಳು. ಅವಳು ಏನು ತಿಳಿದುಕೊಂಡಳೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಹೊಗಳಿಕೆ ಸಿಹಿಯಾಗಿತ್ತು. ಆಮೇಲೆ ಹೇಳಿದರಾಯಿತೆಂದು ಫೋನ್ ಇಟ್ಟೆ.

ಹುಳು ಸಾಕುವವರ ಮಡಿ ಬಲ್ಲವರೇ ಬಲ್ಲರು. ಹುಳುವಿನ ಮನೆಗೆ ಕಾಲು ತೊಳೆಯದೆ ಹೋಗುವಂತಿಲ್ಲ. ಬೀಡಿ, ಅತ್ತರು, ಮೆಣಸಿನಕಾಯಿ ಹೊಗೆ ಯಾವುದೂ ಸುಳಿಯಬಾರದು. ದೊಡ್ಡವ್ವ ಈ ಸಲ ಆ ಮಡಿಯನ್ನು ಅಡುಗೆಮನೆ, ಅಂಗಳ, ಓಣಿಯ ತನಕ ಹಿಗ್ಗಿಸಿದ್ದಳು. ತಂಬಾಕು ಜಗಿಯುತ್ತ ಬಂದ ಬೀಗರನ್ನು ರಸ್ತೆಯಲ್ಲೇ ನಿಲ್ಲಿಸಿ ಮಾತಾಡಿಸಿದಳಂತೆ. ಸೀರೆ ತರುವ ನೆಪದಲ್ಲಿ ಗಂಗಾವತಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದ ವೈನಿಗೆ ಅಂಗಳದಲ್ಲೇ ಕೊಡ ನೀರು ಸುರಿದಳಂತೆ.

ಗೂಡು ಬಿಡಿಸುವ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋದೆ. ಹುಳುಗಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಪಕ್ಕದ ಕುರ್ಚಿಯಲ್ಲಿ ದೊಡ್ಡಪ್ಪ ಕುಳಿತಿದ್ದ. ತಲೆ ನುಣ್ಣಗೆ ಬೋಳಾಗಿತ್ತು.

"ತಲಿ ಸಜ್ಜ ಮಾಡಿಸಿಟ್ಟೀನಿ" ಎಂದಳು ದೊಡ್ಡವ್ವ. "ಯಾವತ್ತ ಹಾಕ್ತೀರಿ?"

ಮಾತು ತಪ್ಪಿಸಲು, ಕೊಪ್ಪಳದ ಡಾಕ್ಟರು ಎಡಗೈಗೆ ಹಿಚುಕಲು ಕೊಟ್ಟಿದ್ದ ರಬ್ಬರ್ ಚೆಂಡು ಎಲ್ಲಿ ಎಂದು ಕೇಳಿದೆ.

"ಅದನ್ನ ಬಿಡಿಸಿ ತಿಂಗಳಾತು. ಹೊಸಾ ನರ ಬರಾಕತ್ತಾವಲ್ಲ, ಹಳೇವಕ್ಕ ಯಾಕ ತ್ರಾಸ ಕೊಡೂದು?"

ನಾನು ಹೇಳದೆ ಉಳಿಸಿದ ಒಂದು ಮಾತಿಗೆ ದೊಡ್ಡಪ್ಪನ ಕೈ ಒಂದು ತಿಂಗಳು ಸುಮ್ಮನೆ ಕೂತಿತ್ತು. ನನಗೆ ನನ್ನ ಮೇಲೇ ಹೇಸಿಗೆ ಎನ್ನಿಸಿತು.

"ದೊಡ್ಡವ್ವಾ, ಮನುಷ್ಯಾರಿಗೆ ಇನ್ನೂ ಹಾಕಿಲ್ಲ. ಯಾವಾಗ ಹಾಕ್ತಾರೋ ನನಗೂ ಗೊತ್ತಿಲ್ಲ. ತಪ್ಪು ನಂದು, ಅವತ್ತ ಹೇಳಬೇಕಿತ್ತು."

"ಮತ್ತ ಯಾರಿಗೆ ಹಾಕೀರಿ?"

"ಇಲಿಗೆ."

ರೇಷ್ಮೆ ಸಾಕುವ ಮನೆಯಲ್ಲಿ ಆಡಬಾರದ ಮಾತು ಅದು. ಗೂಡು ಕಚ್ಚಿ ಒಳಗಿನ ಹುಳು ತಿನ್ನುವ ಇಲಿಗೂ ಇವಳಿಗೂ ಹುಟ್ಟಾ ವೈರ.

"ಇಲಿಗೆ!" ಎಂದು ಚೀರಿದಳು. "ಬೋನು ಇಟ್ಟು, ಕಸಬರಗಿ ಹಿಡದು, ಜೀವಮಾನೆಲ್ಲಾ ಇಲಿ ಹೊಡದೀನಿ. ನೀ ನಮ್ಮ ಗೂಡ ಒಯ್ದು ಅದರ ತಲ್ಯಾಗ ಇಡ್ತಿಯೇನ?"

ದೊಡ್ಡಪ್ಪ ಬೋಳು ತಲೆ ಸವರಿಕೊಳ್ಳುತ್ತ ನನ್ನತ್ತ ತಿರುಗಿದ. "ಇಲಿಗೂ ತಲಿ ಬೋಳಸ್ತಾರೇನವ್ವಾ?"

"ಹೌದು ದೊಡ್ಡಪ್ಪ, ಸ್ವಲ್ಪ."

ಅವನು ಸೊಟ್ಟ ಬಾಯಲ್ಲೇ ನಗತೊಡಗಿದ. ಕುರ್ಚಿ ಕಿರುಗುಟ್ಟುವಷ್ಟು ನಕ್ಕ. ನನಗೂ ತಡೆಯಲಾಗಲಿಲ್ಲ. ದೊಡ್ಡವ್ವ ಮಾತ್ರ ಚಂದ್ರಿಕೆಯ ಬುಡದಲ್ಲಿ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಮ್ಮ ನಗು ಅಲ್ಲಿಗೇ ನಿಂತಿತು.

ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಆ ಇಲಿಗೆ ಕೈ ಬಂತೇನು?"

"ಒಂದಕ್ಕ ಸ್ವಲ್ಪ ಬಂದೈತಿ. ಕಾಳು ಹಿಡೀತೈತಿ. ಆದ್ರ ಬರೇ ಜೆಲ್ ಹಾಕಿ ಬಿಟ್ಟಿಲ್ಲ ದೊಡ್ಡವ್ವಾ. ದಿನಾ ಆ ಕೈಲೇ ಕಾಳು ಹಿಡಸ್ತೀವಿ. ಇನ್ನೊಂದ ಕೈಗೆ ನಿಲುಕದಂಗ ಇಡ್ತೀವಿ."

"ದಿನಾ?"

"ಒಂದಿನಾ ತಪ್ಪಸಂಗಿಲ್ಲ."

ದೊಡ್ಡವ್ವ ಎದ್ದಳು. ಗಂಡನ ಹೆಗಲ ಮೇಲಿನ ಟವೆಲ್ ಎಳೆದು ಅವನ ಬಲಗೈಯನ್ನು ಕುರ್ಚಿಗೆ ಕಟ್ಟಿದಳು. ಒಂದು ಚಂದ್ರಿಕೆ ತಂದು ಎಡಗೈ ಮುಂದೆ ನಿಲ್ಲಿಸಿದಳು.

"ಏ, ನಾನೇನ ಇಲಿಯೇನ?" ಎಂದ ದೊಡ್ಡಪ್ಪ.

"ಇಲಿಗಿಂತ ಕಡಿಮಿ ಆಗಬ್ಯಾಡ್ರಿ. ಬಿಡಸ್ರಿ."

ಇದೇ ಸಮಯವೆಂದು ವೈನಿ ಬಾಗಿಲಲ್ಲಿ ಇಣುಕಿ, "ಅತ್ತೀ, ಒಗ್ಗರಣಿ ಹಾಕ್ಲೇನ್ರಿ?" ಎಂದಳು. "ಹಾಕವ್ವಾ, ಕಮರಿಸಬ್ಯಾಡ" ಎಂದಳು ದೊಡ್ಡವ್ವ, ಗಂಡನ ಬೆರಳಿನಿಂದ ಕಣ್ಣು ತೆಗೆಯದೆ.

ಒಗ್ಗರಣೆ ಹಾಕಿ ಬಂದ ವೈನಿಯೂ ಸೇರಿ ನಾವು ಮೂವರು ಉಳಿದ ಚಂದ್ರಿಕೆಗಳನ್ನು ಬಿಡಿಸಿ ಮುಗಿಸಿದೆವು. ಅಷ್ಟರಲ್ಲಿ ದೊಡ್ಡಪ್ಪ ಬೆವರು ಸುರಿಸಿ, ದೇವರನ್ನೂ ಹೆಂಡತಿಯನ್ನೂ ಒಟ್ಟಿಗೇ ಬೈದು, ಮೂರು ಗೂಡು ಬಿಡಿಸಿದ್ದ. ಒಂದು ಜಜ್ಜಿಹೋಗಿತ್ತು.

ನಾನು ಹೊರಟು ನಿಂತಾಗ ದೊಡ್ಡವ್ವ ಚೀಲದ ಬಾಯಿ ಕಟ್ಟಿಕೊಟ್ಟಳು. ಆಮೇಲೆ ಆ ಮೂರು ಗೂಡುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು.

"ಇವನ್ನ ಅದರಾಗ ಕಲಸಬ್ಯಾಡ" ಎಂದಳು. "ಛಲೋ ಇಲಿ ನೋಡಿ ಹಾಕು."