ಕಣ್ಣು ಡಾಕ್ಟರರ ಸೂರಕ್ಕಿ

ಹೋದ ವಾರ ಕಣ್ಣಿನ ಪೊರೆ ತೋರಿಸಲೆಂದು ಮಗ ಕೊಯಮತ್ತೂರಿಗೆ ಕರೆದುಕೊಂಡು ಹೋದ. ಯಾರ ಆಸ್ಪತ್ರೆ ಅಂತ ನಾನೂ ಕೇಳಿರಲಿಲ್ಲ. ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಎದುರಿಗೆ ದೊಡ್ಡ ಚಿತ್ರ: ತಾಯಿ ಸೂರಕ್ಕಿ ಮರಿಯ ಬಾಯಿಗೆ ಹುಳ ಇಡುತ್ತಿದೆ. ಪಕ್ಕದಲ್ಲಿದ್ದ ಹೆಂಗಸು, "ಎಷ್ಟು ಚೆಂದ ಇದೆ ನೋಡಿ" ಅಂದಳು. ಚೆಂದವಂತೆ. ಆ ಚಿತ್ರ ತೆಗೆದದ್ದು ಇಲ್ಲೇ ಹತ್ತಿರದ ಸೋಮನೂರಿನ ನಮ್ಮ ಮನೆಯಲ್ಲಿ. ತೆಗೆದವರು ಈ ಆಸ್ಪತ್ರೆ ಕಟ್ಟಿದ ಡಾಕ್ಟರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು...

ಎಂಬತ್ತರ ದಶಕ ಅದು. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲು ಒಂದು ಕಣ್ಣಿನ ಆಪರೇಷನ್ ಮಾಡಿದವರು ಇವರೇ. ಊರೆಲ್ಲ ತಮಿಳು ಆಡುವಾಗ ಇವರು ಮಂಚದ ಪಕ್ಕ ಕೂತು ಕನ್ನಡದಲ್ಲಿ, "ಅಮ್ಮಾ, ಈಗ ಎಷ್ಟು ಬೆರಳು ಕಾಣುತ್ತೆ ಹೇಳಿ" ಅಂತ ಕೇಳಿದ್ದರಂತೆ. ಅಷ್ಟಕ್ಕೇ ಅತ್ತೆ ಕರಗಿಹೋದರು. ಅಂದಿನಿಂದ ಅವರು ನಮ್ಮ ಮನೆಯವರೇ ಆದರು. ಭಾನುವಾರ ಉದ್ದ ಮೂತಿಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಸ್ಕೂಟರಿನಲ್ಲಿ ಕೆರೆ ಬದಿಗೆ ಹಕ್ಕಿ ಹುಡುಕಿಕೊಂಡು ಬರುವರು. ಹೋಗುವಾಗ ನಮ್ಮಲ್ಲಿ ಕಾಫಿ ಕುಡಿಯುವರು. ಮೆಲುಮಾತಿನ ಮನುಷ್ಯ, ಇರುವೆಯನ್ನೂ ಊದಿ ಓಡಿಸುವಂಥವರು ಅಂತ ನಾನೂ ನಂಬಿದ್ದೆ.

ಆ ವರ್ಷ ನಮ್ಮ ಜಗಲಿಯ ಬಲ್ಬಿನ ವೈರಿಗೆ ಸೂರಕ್ಕಿ ಗೂಡು ಕಟ್ಟಿತು. ನಾರು, ಜೇಡರ ಬಲೆ, ನಮ್ಮ ಮಗ್ಗದ ಶೆಡ್ಡಿನ ಹತ್ತಿಧೂಳು ಎಲ್ಲ ಸೇರಿಸಿ ಹೆಣೆದ ಒಂದು ಸಣ್ಣ ಚೀಲ. ಅತ್ತೆ ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿಬಿಟ್ಟರು. ಸೂರಕ್ಕಿಗೆ ಅವರು ತಮಿಳಿನಲ್ಲೇ ತೇನ್‌ಸಿಟ್ಟು ಅನ್ನುವರು. "ತೇನ್‌ಸಿಟ್ಟು ಮನೆಗೆ ಬಂದದೆ, ಲೈಟು ಗೀಟು ಯಾರೂ ಹಾಕ್ಬೇಡಿ" ಎಂದು ಅಪ್ಪಣೆಯಾಯಿತು. ಕತ್ತಲಲ್ಲಿ ಚಪ್ಪಲಿ ತಡಕಾಡುತ್ತ ನನ್ನ ಗಂಡ ಗೊಣಗುತ್ತಿದ್ದರು. ಅತ್ತೆ ಮಾತ್ರ ಆಪರೇಷನ್ ಆದ ಕಣ್ಣಿಗೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ದಿನವಿಡೀ ಅದರ ಕೆಳಗೇ ಕೂತಿರುತ್ತಿದ್ದರು. ಹೊಸ ಕಣ್ಣಿಗೆ ಸಿಕ್ಕ ಮೊದಲ ಸಂತೋಷ ಅದು.

ಒಂದು ಮರಿಯಾಗಿ, ಅದು ಗೂಡಿನಿಂದ ಹೊರಗೆ ಇಣುಕುವ ಹೊತ್ತಿಗೆ ಡಾಕ್ಟರು ನೋಡಿ ಒಂದು ಫೋಟೋ ಕೇಳಿದರು. ಮುಟ್ಟಬಾರದು ಅನ್ನುವ ಒಂದೇ ಷರತ್ತಿನ ಮೇಲೆ ಅತ್ತೆ ಒಪ್ಪಿದರು. ಭಾನುವಾರ ಬಂದವರು, ಮಗ್ಗ ಓಡಿದರೆ ನೆಲ ನಡುಗುತ್ತದೆ, ಕ್ಯಾಮೆರಾ ನಿಲ್ಲುವುದಿಲ್ಲ ಅಂದರು. ಮಗ್ಗ ನಿಲ್ಲಿಸಿದೆವು. ಹಕ್ಕಿ ಹೆದರುತ್ತದೆ, ಯಾರೂ ಹೊರಗೆ ಬರಬೇಡಿ ಅಂದರು. ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಅದಕ್ಕೆ ಮೊದಲು, ಸ್ಟ್ಯಾಂಡಿನ ಕಾಲು ಸಡಿಲವಾಗಿದೆ, ಕಟ್ಟಲು ಸ್ವಲ್ಪ ನೂಲು ಕೊಡಿ ಅಂದಿದ್ದರು. ಅತ್ತೆಯೇ ಪಾವಿನ ನೂಲು ಎಳೆದು, ಹಲ್ಲಲ್ಲಿ ಕಡಿದು ಕೊಟ್ಟಿದ್ದರು. ಪಾವು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲು. ಬಿಸಿಲು ಏರುವವರೆಗೂ ಚಿತ್ರ ತೆಗೆದು, ಇಡ್ಲಿ ತಿಂದು, ನಗುತ್ತಾ ಹೋದರು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಮರಿ ಸತ್ತು ಬಿದ್ದಿತ್ತು. ಮೈತುಂಬ ಇರುವೆ. ಅಮ್ಮಹಕ್ಕಿ ಹುಳ ಕಚ್ಚಿಕೊಂಡು ವೈರಿನಿಂದ ಕಲ್ಲಿಗೆ, ಕಲ್ಲಿನಿಂದ ವೈರಿಗೆ ಹಾರಾಡುತ್ತಿತ್ತು. ಮುಂದಿನ ವಾರ ಡಾಕ್ಟರಿಗೆ ಹೇಳಿದರೆ, "ಬೆಕ್ಕಿರಬೇಕಮ್ಮಾ, ಪಾಪ" ಅಂದರು. ಅದೇ ಮೆಲುದನಿ. ಅತ್ತೆ ನಮ್ಮ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಸಿ ದೂರ ಬಿಡಿಸಿದರು. ಏನೂ ಮಾಡದ ಬೆಕ್ಕು...

ಆ ಚಿತ್ರಕ್ಕೆ ಎಲ್ಲೋ ಬಹುಮಾನ ಬಂತಂತೆ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಡಾಕ್ಟರು ಅತ್ತೆಗೆ ಉಡುಗೊರೆ ತಂದರು. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು.

"ಡಾಕ್ಟರ್ರೇ, ಕುಂಜಿನ ಕಾಲ್ಲಿ ಇದೇನು? ನಮ್ಮ ಪಾವು ನೂಲ್ತಾನೆ?"

ನಾನೂ ಬಗ್ಗಿ ನೋಡಿದೆ. ಮರಿಯ ಕಾಲಿಗೂ ವೈರಿಗೂ ಸೇರಿಸಿ ನೂಲು ಬಿಗಿದಿತ್ತು. ಬಿಗಿದ ಕಡೆ ಕಾಲು ಊದಿತ್ತು.

ಡಾಕ್ಟರು ಕಾಫಿ ಲೋಟ ಕೆಳಗಿಡಲಿಲ್ಲ. "ಮರಿ ಒಂದು ಕಡೆ ಕೂರಲ್ವಲ್ಲಮ್ಮಾ. ಕಟ್ಟಿದ್ರೆ ತಾಯಿ ಅಲ್ಲಿಗೇ ಬರುತ್ತೆ. ಫೋಟೋ ತೆಗೆಯೋರು ಮಾಡೋದೇ ಹಾಗೆ. ಆಮೇಲೆ ಬಿಚ್ಚಿಬಿಟ್ಟೆನಲ್ಲ."

ಛೀ. ಈಗ ಬರೆಯುವಾಗಲೂ ಮೈಮೇಲೆ ಏನೋ ಹರಿದಂತಾಗುತ್ತದೆ. ಸುಳ್ಳು ಹೇಳಿ ನೂಲು ಇಸಿದುಕೊಂಡದ್ದಕ್ಕೆ ನಾಚಿಕೆಯಿಲ್ಲ, ಬೆಕ್ಕಿನ ತಲೆಗೆ ಕಟ್ಟಿದ್ದಕ್ಕೂ ಇಲ್ಲ. ಅತ್ತೆ ಚಿತ್ರವನ್ನು ಅವರ ಕಡೆಗೇ ಸರಿಸಿ, "ಇದ ನೀವೇ ತಕ್ಕೊಂಡು ಹೋಗಿ" ಅಂದರು. ಬೈಯಲಿಲ್ಲ.

ಅತ್ತೆಯ ಇನ್ನೊಂದು ಕಣ್ಣಿನ ಆಪರೇಷನ್ ಬಾಕಿಯಿತ್ತು. ಗಂಡ ಬೇಡಿದರು, ನಾನು ಕಣ್ಣೀರು ಹಾಕಿದೆ. ಬೇರೆ ಡಾಕ್ಟರನ್ನಾದರೂ ನೋಡೋಣ ಅಂದೆವು. "ಎಲ್ರೂ ಮೆಲ್ಲಗೇ ಮಾತಾಡ್ತಾರೆ, ಯಾರ ಕೈನ ನಂಬೋದು" ಅಂದವರು ಮತ್ತೆ ಆ ಮಾತೇ ಎತ್ತಗೊಡಲಿಲ್ಲ. ಆ ಕಣ್ಣು ಪೂರ್ತಿ ಹೋಯಿತು. ಸಾಯುವವರೆಗೂ ಆ ಬದಿಯಿಂದ ಯಾರು ಬಂದರೂ ಬೆಚ್ಚುತ್ತಿದ್ದರು.

ಹೋದ ವಾರ ಬೆಂಚಿನಿಂದ ಎದ್ದು ಚಿತ್ರದ ಹತ್ತಿರ ಹೋದೆ. ಮಂಜು ಕಣ್ಣಲ್ಲಿ ಕಾಲು ಹುಡುಕಿದೆ. ಕಾಲಿರಲಿಲ್ಲ. ಮರಿಯ ಹೊಟ್ಟೆಯ ಮಟ್ಟಕ್ಕೇ ಚೌಕಟ್ಟು ಮುಗಿದಿತ್ತು. ಅಂದರೆ ಅತ್ತೆಯ ಮಾತು ಅವರಿಗೆ ತಾಗಿತ್ತು. ತಾಗಿ ಮಾಡಿದ್ದು ಇಷ್ಟು: ಚಿತ್ರದ ಕೆಳತುದಿ ಕತ್ತರಿಸಿ, ಉಳಿದದ್ದನ್ನು ಎಲ್ಲರಿಗೂ ಕಾಣುವಂತೆ ನೇತುಹಾಕಿದ್ದು. ಸತ್ತವರ ಮೇಲೆ ಹೇಸಿಗೆ ಪಡಬಾರದು ಅನ್ನುತ್ತಾರೆ. ನನ್ನಿಂದಾಗದು. ಆದರೂ ಕನ್ನಡದಲ್ಲಿ ಎಷ್ಟು ಬೆರಳು ಅಂತ ಕೇಳಿದ ಆ ಮನುಷ್ಯ ಬೇಕಿತ್ತು ಅನ್ನಿಸಿತು. ಅತ್ತೆಗಂತೂ ಎಷ್ಟು ಬೇಕಿದ್ದರೋ.

ನರ್ಸ್ ಬಂದು ನನ್ನ ಕಣ್ಣಿಗೆ ಹನಿ ಹಾಕಿದಳು. ನೀರು ಇಳಿಯುತ್ತಲೇ ಇತ್ತು.

"ಉರೀತಾ ಇದೆಯಾಮ್ಮಾ?" ಅಂದಳು.

ಹೌದು ಅಂದೆ.