ಟಿವಿಯ ಬೆನ್ನು ಮುಟ್ಟುವವಳು
ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದೇ ಕರೆಯುವ ಆಕೆ ಸಂಜೆ ಇಸ್ತ್ರಿ ಅಂಗಡಿ ಮುಚ್ಚಿ ಮನೆಗೆ ಬಂದರೆ, ಕೈಯಲ್ಲಿದ್ದ ಚೀಲ ಇಳಿಸುವ ಮೊದಲೇ ಟಿವಿಯ ಬೆನ್ನು ಮುಟ್ಟಿ ನೋಡುತ್ತಾಳೆ. ದಿನವಿಡೀ ಇಸ್ತ್ರಿಪೆಟ್ಟಿಗೆಯೊಡನೆ ಪಳಗಿದ ಅಂಗೈ ಅದು. ಬಿಸಿಯ ವಿಷಯದಲ್ಲಿ ಅದಕ್ಕೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ. ಸ್ಕೂಲಿಂದ ಬಂದ ಮಗಳಿಗೆ ಅರ್ಧ ಗಂಟೆ ಟಿವಿ ಮಂಜೂರು, ಅದೂ ಅಮ್ಮ ಬಂದ ಮೇಲೆ. “ಹಾಕೇ ಇಲ್ಲಮ್ಮಾ,” ಎಂದು ಮಗಳು ಪುಸ್ತಕದಿಂದ ತಲೆ ಎತ್ತದೆ ಹೇಳಿದರೆ, “ನೀನು ಹೇಳ್ತೀಯ ಬಿಡು ಸುಳ್ಳು, ಪಾಪ ಇದಕ್ಕೆಲ್ಲಿ ಬರುತ್ತೆ?” ಎಂದು ಟಿವಿಯನ್ನೇ ಸವರುತ್ತಾಳೆ. ಮಗಳೇನು ಕಡಿಮೆಯೇ? ಒಮ್ಮೆ ಟೇಬಲ್ ಫ್ಯಾನನ್ನು ಟಿವಿಯ ಬೆನ್ನಿಗೆ ತಿರುಗಿಸಿಟ್ಟು ಸಿಕ್ಕಿಬಿದ್ದಳು. “ಯಾಕೆ, ಅದಕ್ಕೆ ಸೆಕೆ ಆಗ್ತಿತ್ತಾ?” ಎಂದು ಗದರಿದ ಇಸ್ತ್ರಿಯಮ್ಮ, ಅಡುಗೆಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಮೊನ್ನೆ ಸಂಜೆ ಮಾತ್ರ ಟಿವಿ ತಣ್ಣಗಿತ್ತು. ಫ್ಯಾನೂ ಅದರ ಜಾಗದಲ್ಲೇ ಇತ್ತು. ಗೆದ್ದೆನೆಂದು ಬೀಗಬೇಕಾದ ಇಸ್ತ್ರಿಯಮ್ಮ ಚೀಲವನ್ನು ಅಲ್ಲೇ ಬಿಟ್ಟು ಮಗಳನ್ನು ಹುಡುಕಿದಳು. ಮೂಲೆಯಲ್ಲಿ ಮುದುಡಿ ಮಲಗಿದ್ದ ಮಗಳ ಹಣೆಯ ಮೇಲೆ ಅದೇ ಅಂಗೈ ಇಟ್ಟಳು, ಕೆಂಡದಂತೆ ಸುಡುತ್ತಿತ್ತು. ಮಗು ಕಣ್ಣು ಬಿಡದೆಯೇ, “ನಿಜವಾಗ್ಲೂ ಹಾಕೇ ಇಲ್ಲಮ್ಮಾ,” ಎಂದಿತು. ಔಷಧಿ ಕುಡಿಸಿ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇಸ್ತ್ರಿಯಮ್ಮ ತಾನೇ ಕಾರ್ಟೂನ್ ಹಾಕಿದಳು. ಆ ಸಂಜೆ ಟಿವಿಯ ಬೆನ್ನು ಎಷ್ಟು ಕಾಯಿತೋ ಯಾರಿಗೂ ಗೊತ್ತಿಲ್ಲ; ಅಂಗೈ ಹಣೆ ಬಿಟ್ಟು ಕದಲಲೇ ಇಲ್ಲ.