ಚಿಲಕದ ಮಾಮ

ನಮ್ಮ ಚರ್ಚಿನ ಬಾಗಿಲು ಕಾಯುವವರನ್ನು ಎಲ್ಲರೂ ಚಿಲಕದ ಮಾಮ ಎಂದೇ ಕರೆಯುತ್ತಾರೆ. ಎರಡನೆಯ ಗಂಟೆಯ ನಾದ ಗಾಳಿಯಲ್ಲಿ ಕರಗುವ ಮೊದಲೇ ಅವರು ಕದವಿಕ್ಕಿ, ಗಾಜಿನ ಕಿಂಡಿಗೆ ಮೂಗೊತ್ತಿ ನಿಲ್ಲುತ್ತಾರೆ; ಆಮೇಲೆ ಬಂದವರು ಪಾದ್ರಿಯ ಹೆಂಡತಿಯೇ ಆಗಿರಲಿ, ಮೊದಲ ಹಾಡು ಮುಗಿಯುವತನಕ ಮೆಟ್ಟಿಲೇ ಗತಿ. "ಭಾವ, ಒಂದೇ ನಿಮಿಷ ತಡ ಆಯ್ತು!" ಎಂದು ಸ್ವಂತ ನಾದಿನಿ ಗೋಗರೆದರೂ, "ನಿನ್ನ ಜಡೆ ಮುಗಿಯೋವರೆಗೆ ದೇವರು ಕಾದಾನು, ಚಿಲಕ ಕಾಯಲ್ಲ. ಬಾಗಿಲೇನು ನನ್ನ ಮನೇದಾ?" ಎನ್ನುತ್ತಾರೆ. ಶನಿವಾರ ಬಂತೆಂದರೆ ತಿರುಗಣಿಗೆ ಎಣ್ಣೆ ಬಿಡುವ ಅವರನ್ನು, "ಮಾಮ, ಬಾಗಿಲಿಗೆ ಎಣ್ಣೆಸ್ನಾನ ಆಯ್ತಾ?" ಎಂದು ಹಾಡುವ ತಂಡದ ಹುಡುಗಿಯರು ಕೆಣಕುವುದುಂಟು. ಕಳೆದ ಭಾನುವಾರ, "ನಿನ್ನ ಕೃಪೆ ಎಲ್ಲರಿಗೂ" ಎಂದು ಮೊದಲ ಹಾಡಿನ ನಂತರ ಪಾದ್ರಿ ಪ್ರಾರ್ಥಿಸುತ್ತಿರಲು, ಸಭೆಯೆಲ್ಲ ಕಣ್ಣು ಮುಚ್ಚಿದ್ದಾಗ, ಮೆಟ್ಟಿಲ ಮೇಲೆ ಒಬ್ಬ ಬಂದು ನಿಂತ: ಕುಡಿದು ಲಾರಿ ಓಡಿಸಿ ಮಾಮನ ಒಬ್ಬಳೇ ಮಗಳನ್ನು ಕೊಂದು, ಜೈಲುವಾಸ ಮುಗಿಸಿ ಬಂದ ಚಾಲಕ. ಕಿಂಡಿಯಾಚೆ ಆ ಮುಖ ಕಂಡೊಡನೆ ಮಾಮನ ಕತ್ತಿನ ನರ ಸೆಟೆಯಿತು. ಚಿಲಕ ಹಿಡಿದ ಬೆರಳುಗಳು ಬಿಳಿಚಿದವು. ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದೇ ಕೂತಿದ್ದ ನಾನು ಎಲ್ಲವನ್ನೂ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಎಣ್ಣೆ ಕುಡಿದ ಕದ ಸದ್ದಿಲ್ಲದೆ ತೆರೆಯಿತು. "ನಾನು... ಬರಬಹುದಾ?" ಎಂದು ಅವನು ಹೊಸ್ತಿಲಲ್ಲೇ ತಡವರಿಸಿದ. "ನನ್ನ ಮನೆ ಬಾಗಿಲಾಗಿದ್ರೆ ತೆಗೀತಿರಲಿಲ್ಲ," ಮಾಮ ಅವನ ಮುಖ ನೋಡದೆ ಪಿಸುಗುಟ್ಟಿದರು, "ಇದು ನನ್ನದಲ್ಲ. ಬಾ ಒಳಗೆ." ಆರಾಧನೆ ಮುಗಿಯುವವರೆಗೂ ಅವರು ಮತ್ತೆ ಚಿಲಕ ಹಾಕಲಿಲ್ಲ.